ಝಾಲೂಕ್: ಮೊರಾಕೊದ ಬದನೆಕಾಯಿ–ಟೊಮೆಟೊ ನೆಂಚಿಕೆ

ಮೊರಾಕೊದ ಊಟದಲ್ಲಿ ಮಣ್ಣಿನ ಪಾತ್ರೆಯಲ್ಲಿ ನಿಧಾನವಾಗಿ ಬೇಯಿಸಿದ ತಾಜೀನ್ ಬರುವ ಮೊದಲೇ ಮೇಜಿನ ತುಂಬ ಸಣ್ಣ ಸಣ್ಣ ತಟ್ಟೆಗಳು ಬಂದಿರುತ್ತವೆ. ಜೀರಿಗೆ ಹಾಕಿದ ಕ್ಯಾರೆಟ್, ಬೇಯಿಸಿದ ಬೀಟ್‌ರೂಟ್, ಉಪ್ಪಿನಲ್ಲಿ ಹಾಕಿಟ್ಟ ಆಲಿವ್ ಕಾಯಿ, ಸುಟ್ಟ ದೊಣ್ಣೆಮೆಣಸಿನ ತಕ್ತೂಕಾ, ಪಕ್ಕದಲ್ಲೇ ಝಾಲೂಕ್. ಅಲ್ಲಿನವರ ಲೆಕ್ಕದಲ್ಲಿ ಇವೆಲ್ಲ ಸಲಾಡ್‌ಗಳೇ. ಆದರೆ ಝಾಲೂಕಿನಲ್ಲಿ ಹಸಿಯದು ಏನೂ ಇಲ್ಲ: ಬದನೆಕಾಯಿಯನ್ನು ಸುಟ್ಟೋ ಬೇಯಿಸಿಯೋ ಮಸೆದು, ಟೊಮೆಟೊ, ಬೆಳ್ಳುಳ್ಳಿ, ಪಾಪ್ರಿಕಾ, ಜೀರಿಗೆಯ ಜೊತೆ ಆಲಿವ್ ಎಣ್ಣೆಯಲ್ಲಿ ನೀರಾರುವ ತನಕ ಬಾಡಿಸಿದ್ದು. ಖೊಬ್ಜ್ ಎಂಬ ದಪ್ಪನೆಯ ದುಂಡು ರೊಟ್ಟಿಯ ತುಂಡಿನಿಂದ ಅದನ್ನು ತೆಗೆದು ತಿನ್ನುತ್ತಾರೆ.

ಸುಟ್ಟ ಬದನೆಕಾಯಿ ಗೊಜ್ಜು ಮಾಡಿ ಗೊತ್ತಿರುವವರಿಗೆ ಇದರ ಅರ್ಧ ಕೆಲಸ ಈಗಾಗಲೇ ಕೈಗೆ ಬಂದಿದೆ. ಉಳಿದರ್ಧದಲ್ಲೇ ತಪ್ಪುವುದು. ಇಲ್ಲಿ ಈರುಳ್ಳಿ ಇಲ್ಲ, ಸಾಸಿವೆ ಒಗ್ಗರಣೆ ಇಲ್ಲ, ಹುಣಸೆ ಬೆಲ್ಲ ಇಲ್ಲ. ಲೆಬನಾನ್ ಕಡೆಯ ಬದನೆ ನೆಂಚಿಕೆಯಾದ ಬಾಬಾ ಗನೂಜ್‌ಗೆ ಹಾಕುವ ಎಳ್ಳಿನ ತಹೀನಿಯೂ ಇಲ್ಲ. ರುಚಿಯೆಲ್ಲ ಬರುವುದು ಎರಡು ತರಕಾರಿಗಳ ನೀರನ್ನು ತಾಳ್ಮೆಯಿಂದ ಆರಿಸುವುದರಿಂದ. ನೀರು ಉಳಿದರೆ ಮಸಾಲೆ ಎಷ್ಟು ಸುರಿದರೂ ಅದು ಸಪ್ಪೆ ಪಲ್ಯವೇ.

ಸಾಮಾನು

ನಾಲ್ಕೈದು ಜನ ರೊಟ್ಟಿಗೆ ನೆಂಚಿಕೊಳ್ಳುವಷ್ಟಕ್ಕೆ ಈ ಅಳತೆ. ಸಣ್ಣ ಚಮಚವೆಂದರೆ 5 ಮಿಲಿ, ದೊಡ್ಡ ಚಮಚವೆಂದರೆ 15 ಮಿಲಿ.

ಬದನೆಕಾಯಿ – 750 ಗ್ರಾಂ (ದೊಡ್ಡವಾದರೆ ಎರಡು)
ಚೆನ್ನಾಗಿ ಹಣ್ಣಾದ ಟೊಮೆಟೊ – 500 ಗ್ರಾಂ
ಬೆಳ್ಳುಳ್ಳಿ – ದಪ್ಪ ಎಸಳು 4 (ನಾಟಿ ಬೆಳ್ಳುಳ್ಳಿಯಾದರೆ 8–10)
ಆಲಿವ್ ಎಣ್ಣೆ – 5 ದೊಡ್ಡ ಚಮಚ
ಸಿಹಿ ಪಾಪ್ರಿಕಾ ಪುಡಿ – 2 ಸಣ್ಣ ಚಮಚ
ಜೀರಿಗೆ ಪುಡಿ – ಒಂದೂವರೆ ಸಣ್ಣ ಚಮಚ
ಖಾರದ ಪುಡಿ – ಕಾಲು ಸಣ್ಣ ಚಮಚ, ಬೇಕಿದ್ದರೆ
ಉಪ್ಪು – ಸುಮಾರು 1 ಸಣ್ಣ ಚಮಚ
ಕೊತ್ತಂಬರಿ ಸೊಪ್ಪು, ಪಾರ್ಸ್ಲಿ (ಕೊತ್ತಂಬರಿಯನ್ನೇ ಹೋಲುವ ಸೊಪ್ಪು) – ಹೆಚ್ಚಿದ್ದು ಎರಡೂ ಸೇರಿ 4 ದೊಡ್ಡ ಚಮಚ
ನಿಂಬೆ ರಸ – 2 ಸಣ್ಣ ಚಮಚದಿಂದ 1 ದೊಡ್ಡ ಚಮಚ

ಬದನೆಕಾಯಿ ಆರಿಸುವಾಗ ಮೊದಲು ನೋಡಬೇಕಾದ್ದು ಹೊಳಪು. ಸಿಪ್ಪೆ ಮಂಕಾಗಿ, ತೊಟ್ಟು ಕಂದಾಗಿದ್ದರೆ ಒಳಗೆ ಬೀಜ ಬಲಿತಿದೆ ಎಂದೇ ಅರ್ಥ. ಬಲಿತ ಬೀಜದ ಕಹಿ ಎಣ್ಣೆಗೂ ಪೂರ್ತಿ ಜಗ್ಗುವುದಿಲ್ಲ, ನಿಂಬೆಗೂ ಜಗ್ಗುವುದಿಲ್ಲ. ಮೊರಾಕೊದಲ್ಲಿ ಬಳಸುವುದು ಗಾಢ ನೇರಳೆಯ ದೊಡ್ಡ ಕಾಯಿ. ನಮ್ಮ ಮಾರುಕಟ್ಟೆಯಲ್ಲಿ ಭರ್ತಾ ಬದನೆ ಎಂದು ಸಿಗುವುದು ಅದಕ್ಕೆ ಸರಿಹೊಂದುತ್ತದೆ. ಮಟ್ಟು ಗುಳ್ಳದಂಥ ಹಸಿರು ಗುಂಡು ಬದನೆಯೂ ಬೆಂದಾಗ ಬೆಣ್ಣೆಯಂತಾಗುವುದರಿಂದ ನಡೆಯುತ್ತದೆ. ಹೇಗೂ ಬಣ್ಣ ಕೊಡುವುದು ಟೊಮೆಟೊ ಮತ್ತು ಪಾಪ್ರಿಕಾ. ಎಣ್ಣೆಗಾಯಿಗೆ ತರುವ ಪುಟ್ಟ ಬದನೆಯಲ್ಲಿ ತಿರುಳಿಗಿಂತ ಸಿಪ್ಪೆ, ಬೀಜವೇ ಹೆಚ್ಚು. ಅದನ್ನು ಸುಡಲು ಹೋಗಬೇಡಿ, ಹಬೆಯಲ್ಲಿ ಬೇಯಿಸಿ.

ಪಾಪ್ರಿಕಾ ಖಾರದ ಪುಡಿಯಲ್ಲ. ಮೊರಾಕೊದ ಮನೆಗಳಲ್ಲಿ ತಹ್ಮೀರಾ ಎಂದು ಕರೆಯುವ ಈ ಪುಡಿಯನ್ನು ಖಾರವಿಲ್ಲದ ಕೆಂಪು ಮೆಣಸಿನಿಂದ ಮಾಡುತ್ತಾರೆ. ಬಣ್ಣದ ಜೊತೆಗೆ ತೆಳುವಾದ ಸಿಹಿಯೂ ಅದಕ್ಕಿದೆ. ಖಾರ ಬೇಕೆಂದಾಗ ಬೇರೆ ಮೆಣಸಿನ ಪುಡಿಯನ್ನು ಚಿಟಿಕೆ ಸೇರಿಸುತ್ತಾರೆ. ಪಾಪ್ರಿಕಾ ಸಿಗದಿದ್ದರೆ ಬ್ಯಾಡಗಿ ಮೆಣಸಿನಕಾಯಿ ಅದಕ್ಕೆ ಅತಿ ಹತ್ತಿರದ ಬದಲಿ. ಬೀಜ ಉದುರಿಸಿ, ಬಿಸಿಲಿಗಿಟ್ಟು ಗರಿಗರಿ ಮಾಡಿ, ನುಣ್ಣಗೆ ಪುಡಿ ಮಾಡಿ ಜರಡಿ ಹಿಡಿಯಿರಿ. ಹುರಿಯಬೇಡಿ. ಅಳತೆಯನ್ನು 1 ಸಣ್ಣ ಚಮಚಕ್ಕೆ ಇಳಿಸಿ, ಬೇರೆ ಖಾರದ ಪುಡಿಯನ್ನು ಬಿಟ್ಟುಬಿಡಿ. ಹೊಗೆ ಹಾಕಿದ ಸ್ಪೇನಿನ ಪಾಪ್ರಿಕಾ ಮನೆಯಲ್ಲಿದೆ ಎಂದು ಅದನ್ನೇ ಹಾಕಿದರೆ ಬದನೆಕಾಯಿಯ ಸ್ವಂತ ಹೊಗೆ ವಾಸನೆ ಅದರಡಿ ಮುಚ್ಚಿಹೋಗುತ್ತದೆ.

ಜೀರಿಗೆ ಹೊಸದಾಗಿ ಪುಡಿ ಮಾಡಿದ್ದಾದರೆ ವ್ಯತ್ಯಾಸ ಮೊದಲ ತುತ್ತಿಗೇ ಗೊತ್ತಾಗುತ್ತದೆ. ಆಗ್ನೇಯ ಮೊರಾಕೊದ ಅಲ್ನಿಫ್ ಎಂಬ ಊರಿನ ಜೀರಿಗೆಗೆ ಅಲ್ಲಿ ದೊಡ್ಡ ಹೆಸರು. ನಮ್ಮಲ್ಲಿಯ ಒಳ್ಳೆಯ ಜೀರಿಗೆಯೂ ಸಾಕು, ಹುರಿಯದೆ ಹಸಿಯದನ್ನೇ ಕುಟ್ಟಾಣಿಯಲ್ಲಿ ಕುಟ್ಟಿ. ಪಾರ್ಸ್ಲಿ ಸಿಗದಿದ್ದರೆ ಕೊತ್ತಂಬರಿ ಸೊಪ್ಪನ್ನೇ ಎಳೆಯ ಕಡ್ಡಿ ಸಮೇತ ಹಾಕಿ. ಪುದೀನ ಮಾತ್ರ ಬೇಡ.

ಎಣ್ಣೆಯ ವಿಷಯದಲ್ಲಿ ರಾಜಿ ಸಾಧ್ಯ, ಆದರೆ ಅರ್ಧ ಮಾತ್ರ. ಒಲೆಯ ಮೇಲಿನ 3 ಚಮಚಕ್ಕೆ ಸೂರ್ಯಕಾಂತಿ ಎಣ್ಣೆ ನಡೆಯುತ್ತದೆ. ಕೊನೆಯಲ್ಲಿ ಮೇಲೆ ಸುರಿಯುವ 2 ಚಮಚ ಆಲಿವ್ ಎಣ್ಣೆಯೇ ಆಗಬೇಕು. ತೆಂಗಿನೆಣ್ಣೆ, ಸಾಸಿವೆ ಎಣ್ಣೆ ಹಾಕಿದರೆ ರುಚಿಯಾಗಬಹುದು, ಝಾಲೂಕ್ ಆಗುವುದಿಲ್ಲ.

ಬದನೆಕಾಯಿ: ಸುಡುವುದೋ, ಬೇಯಿಸುವುದೋ

ಮೊರಾಕೊದಲ್ಲೇ ಇದಕ್ಕೆ ಒಂದು ದಾರಿಯಿಲ್ಲ. ಕೆಂಡದ ಮೇಲೆ ಸುಡುವವರಿದ್ದಾರೆ, ಗೋಧಿ ರವೆಯಿಂದ ಮಾಡುವ ಕೂಸ್‌ಕೂಸ್ ಬೇಯಿಸುವ ತೂತಿನ ಪಾತ್ರೆಯಲ್ಲಿ ಹಬೆಗೆ ಇಡುವವರಿದ್ದಾರೆ, ಹೋಳು ಮಾಡಿ ಟೊಮೆಟೊ ಜೊತೆಗೇ ಬಾಣಲೆಗೆ ಹಾಕುವವರೂ ಇದ್ದಾರೆ. ಕಾಯಿ ಒಳ್ಳೆಯದಿದ್ದು ಬರ್ನರ್ ಖಾಲಿ ಇದ್ದರೆ ಸುಡುವುದೇ ಮೇಲು. ಹೊಗೆಯ ವಾಸನೆ ಬರುತ್ತದೆ, ಜೊತೆಗೆ ಸುಡುವಾಗಲೇ ಸಾಕಷ್ಟು ನೀರು ಆವಿಯಾಗಿ ಹೋಗಿಬಿಡುತ್ತದೆ.

ಸುಡುವ ಮುಂಚೆ ಹುಳು ನೋಡಿ. ಕಾಯಿ ಕೊರಕ ಹುಳು ಒಳಹೊಕ್ಕ ತೂತು ಕೆಲವೊಮ್ಮೆ ಸೂಜಿಮೊನೆಯಷ್ಟೇ ಇರುತ್ತದೆ, ತೊಟ್ಟಿನ ಹತ್ತಿರ ಮರೆಯಾಗಿರುತ್ತದೆ. ಇಡೀ ಕಾಯಿ ಸುಟ್ಟು ಮಸೆದ ಮೇಲೆ ಏನೂ ಕಾಣುವುದಿಲ್ಲ. ಅದಕ್ಕೇ ತೊಟ್ಟು ಬಿಟ್ಟು ಉದ್ದಕ್ಕೆ ಒಂದು ಸೀಳು ಹಾಕಿ, ಬಾಯಿ ಅಗಲಿಸಿ ಬೆಳಕಿಗೆ ಹಿಡಿದು ನೋಡಿ. ಒಳಗೆ ಕಂದು ಜಾಡು ಇದ್ದರೆ ಆ ಕಾಯಿ ಬೇಡ. ಈ ಸೀಳಿನಿಂದ ಇನ್ನೊಂದು ಲಾಭವೂ ಇದೆ, ಒಳಗಿನ ಹಬೆಗೆ ಹೊರಬರಲು ದಾರಿಯಾಗುತ್ತದೆ. ಸೀಳೂ ಇಲ್ಲದೆ, ಚುಚ್ಚೂ ಇಲ್ಲದೆ ಉರಿಯ ಮೇಲಿಟ್ಟ ಬದನೆಕಾಯಿ ಸಿಡಿದು ಒಲೆಯ ತುಂಬ ಹರಡುವುದುಂಟು.

ಸಿಪ್ಪೆಗೆ ತೆಳುವಾಗಿ ಎಣ್ಣೆ ಸವರಿ ನಡು ಉರಿಯಲ್ಲಿ ನೇರ ಜ್ವಾಲೆಗೆ ಇಡಿ. ನಾಲ್ಕು ನಿಮಿಷಕ್ಕೊಮ್ಮೆ ಇಕ್ಕಳದಿಂದ ಕಾಲುಭಾಗ ತಿರುಗಿಸುತ್ತ ಹೋದರೆ 350 ಗ್ರಾಂ ಕಾಯಿಗೆ 15ರಿಂದ 20 ನಿಮಿಷ ಹಿಡಿಯುತ್ತದೆ. ಉರಿ ಜೋರು ಮಾಡಿದರೆ ಸಿಪ್ಪೆ ಐದೇ ನಿಮಿಷಕ್ಕೆ ಕರಿಯಾಗುತ್ತದೆ, ಒಳಗೆ ಮಾತ್ರ ಬೆಂಡಿನಂತೆ ಬೆಳ್ಳಗಿರುತ್ತದೆ. ಬೆಂದಿದೆಯೇ ಎಂದು ನಡುವೆ ಚುಚ್ಚಿ ನೋಡುವುದು ಸಾಲದು, ತೊಟ್ಟಿನ ಬುಡಕ್ಕೆ ಚಾಕು ಹಾಕಿ. ಕೊನೆಗೆ ಬೇಯುವ ಜಾಗ ಅದು. ಅಲ್ಲಿ ಚಾಕು ತಡೆಯಿಲ್ಲದೆ ಇಳಿದು, ಕಾಯಿ ಒಂದು ಕಡೆಗೆ ಕುಸಿದು ಮಲಗಿದ್ದರೆ ಆಯಿತು.

ಬೆಂದ ಕಾಯಿಯನ್ನು ಮುಚ್ಚಳವಿರುವ ಪಾತ್ರೆಗೆ ಹಾಕಿ 10 ನಿಮಿಷ ಬಿಡಿ; ಹಬೆಗೆ ಸಿಪ್ಪೆ ಸಡಿಲವಾಗುತ್ತದೆ. ಬೆರಳು ಒದ್ದೆ ಮಾಡಿಕೊಂಡು ಸುಲಿಯಿರಿ. ನಲ್ಲಿಯ ಕೆಳಗೆ ಹಿಡಿದು ತೊಳೆಯುವುದು ಸುಲಭ, ಆದರೆ ಇಷ್ಟು ಹೊತ್ತು ಸುಟ್ಟು ಗಳಿಸಿದ್ದೆಲ್ಲ ನೀರಿನ ಜೊತೆ ಹೋಗುತ್ತದೆ. ಅಲ್ಲೊಂದು ಇಲ್ಲೊಂದು ಕರಿ ಚೂರು ಉಳಿದರೆ ಪರವಾಗಿಲ್ಲ, ಅಂಗೈಯಗಲದ ಚೂರು ಉಳಿದರೆ ಕಮಟು ರುಚಿ. ಸುಲಿದ ತಿರುಳನ್ನು ತೂತಿನ ಪಾತ್ರೆಯಲ್ಲಿ ಹರಡಿ 15 ನಿಮಿಷ ಇಡಿ. ಕೆಳಗೆ ಇಳಿಯುವ ಕಂದು ನೀರನ್ನು ಚೆಲ್ಲಿ. ಕಹಿಯ ಒಂದು ಪಾಲು ಅದರಲ್ಲೇ ಇರುತ್ತದೆ. 750 ಗ್ರಾಂ ಕಾಯಿಗೆ ಹೆಚ್ಚು ಕಡಿಮೆ ಅರ್ಧದಷ್ಟು ತೂಕದ ತಿರುಳು ಸಿಗುತ್ತದೆ.

ಗ್ಯಾಸ್ ಇಲ್ಲದ, ಇಂಡಕ್ಷನ್ ಒಲೆಯ ಮನೆಗಳಿಗೆ ಅವನ್ ಇದೆ: 220 ಡಿಗ್ರಿಯಲ್ಲಿ ಇಡೀ ಕಾಯಿಗೆ 45ರಿಂದ 50 ನಿಮಿಷ. ಚುಚ್ಚುವುದು ಅಲ್ಲೂ ತಪ್ಪಬಾರದು.

ಹಬೆಗೆ ಇಡುವುದಾದರೆ ಸಿಪ್ಪೆಯನ್ನು ಪೂರ್ತಿ ತೆಗೆಯದೆ, ಒಂದು ಪಟ್ಟಿ ತೆಗೆದು ಒಂದು ಪಟ್ಟಿ ಬಿಟ್ಟು ಸುಲಿಯಿರಿ. ಉಳಿದ ಸಿಪ್ಪೆ ಝಾಲೂಕಿಗೆ ಒಂದಿಷ್ಟು ಮೈ ಕೊಡುತ್ತದೆ. ಎರಡೂವರೆ ಸೆಂಟಿಮೀಟರಿನ ಹೋಳು ಮಾಡಿ ಇಡ್ಲಿ ಪಾತ್ರೆಯಲ್ಲಿ ತೂತಿನ ತಟ್ಟೆಯ ಮೇಲೆ 15ರಿಂದ 20 ನಿಮಿಷ ಬೇಯಿಸಿ, ಆಮೇಲೆ ಅದೇ ರೀತಿ ನೀರು ಬಸಿಯಿರಿ. ಹೋಳನ್ನು ನೀರಿನಲ್ಲೇ ಮುಳುಗಿಸಿ ಬೇಯಿಸಬೇಡಿ, ಕುಕ್ಕರಿನಲ್ಲಂತೂ ಬೇಡವೇ ಬೇಡ. ಬದನೆಕಾಯಿಯ ತಿರುಳಿನ ತುಂಬ ಗಾಳಿಯ ಸಂದುಗಳಿವೆ. ಬೇಯುವಾಗ ಗಾಳಿ ಹೊರಬಿದ್ದ ಜಾಗಕ್ಕೆ ಸುತ್ತಲಿನ ನೀರು ನುಗ್ಗಿ ಕೂರುತ್ತದೆ, ಆ ನೀರನ್ನು ಆರಿಸಲು ಬಾಣಲೆಯಲ್ಲಿ ಇನ್ನೂ ಇಪ್ಪತ್ತು ನಿಮಿಷ ಬೇಕು. ಹಸಿ ಹೋಳನ್ನು ನೇರವಾಗಿ ಎಣ್ಣೆಗೆ ಹಾಕಿದರೆ ಎಣ್ಣೆ ಮಾಯವಾಗುವುದಕ್ಕೂ ಇದೇ ಸಂದುಗಳು ಕಾರಣ.

ಟೊಮೆಟೊ

ಇಲ್ಲಿ ಮೊರಾಕೊದ ಅಡುಗೆಮನೆಯ ಒಂದು ಕೈಚಳಕ ಕಲಿಯಲೇಬೇಕು. ಟೊಮೆಟೊವನ್ನು ಬಿಸಿನೀರಿಗೆ ಹಾಕಿ ಸಿಪ್ಪೆ ಸುಲಿಯುವ ಗೋಜಿಲ್ಲ. ಅಡ್ಡಕ್ಕೆ ಎರಡು ಹೋಳು ಮಾಡಿ, ಕತ್ತರಿಸಿದ ಮುಖವನ್ನು ತುರಿಯುವ ಮಣೆಯ ದೊಡ್ಡ ತೂತಿಗೆ ಒತ್ತಿ ಉಜ್ಜಿ. ತಿರುಳು, ರಸ ಬಟ್ಟಲಿಗೆ ಇಳಿಯುತ್ತದೆ, ಸಿಪ್ಪೆ ಚಪ್ಪಟೆಯಾಗಿ ಅಂಗೈಯಲ್ಲೇ ಉಳಿಯುತ್ತದೆ. ಬೆರಳಿಗೆ ಗಾಯವೂ ಆಗುವುದಿಲ್ಲ, ಏಕೆಂದರೆ ಕೊನೆಯವರೆಗೂ ಸಿಪ್ಪೆ ಅಡ್ಡ ಇರುತ್ತದೆ. ಕಾಯಿಗಾಯಿಯಾದ ಟೊಮೆಟೊ ಹೀಗೆ ತುರಿಯುವುದಿಲ್ಲ, ಜಾರುತ್ತದೆ; ಅಂಥದ್ದನ್ನು ಎರಡು ದಿನ ಹೊರಗಿಟ್ಟು ಹಣ್ಣು ಮಾಡಿ.

ನಾಟಿ ಟೊಮೆಟೊದಲ್ಲಿ ರಸ, ಹುಳಿ ಎರಡೂ ಹೆಚ್ಚು. ಅದಕ್ಕೆ ನಿಂಬೆ ರಸ ಅರ್ಧ ಸಾಕು, ಬಾಣಲೆಯಲ್ಲಿ ಐದು ನಿಮಿಷ ಹೆಚ್ಚು ಬೇಕು. ಗಟ್ಟಿ ಸಿಪ್ಪೆಯ ಉದ್ದನೆಯ ಹೈಬ್ರಿಡ್ ಟೊಮೆಟೊ ಬೇಗ ಗಟ್ಟಿಯಾಗುತ್ತದೆ, ಆದರೆ ಹುಳಿ ಸಾಲದು. ಎರಡನ್ನೂ ಅರ್ಧರ್ಧ ಹಾಕಿದರೆ ಒಳ್ಳೆಯದು. ಡಬ್ಬಿಯ ಟೊಮೆಟೊ ಪ್ಯೂರಿ ಬಳಸಿದರೆ ಸಾಸ್‌ನ ವಾಸನೆ ಬಿಡುವುದಿಲ್ಲ.

ಅಗಲ ತಳದ ಬಾಣಲೆ ತೆಗೆದುಕೊಳ್ಳಿ, 26ರಿಂದ 28 ಸೆಂಟಿಮೀಟರ್ ಇದ್ದರೆ ಚೆನ್ನ. ಕಿರಿದಾದ ಪಾತ್ರೆಯಲ್ಲಿ ನೀರು ಆವಿಯಾಗಲು ಜಾಗವೇ ಇರುವುದಿಲ್ಲ, ಟೊಮೆಟೊ ಬಾಡುವ ಬದಲು ಕುದಿಯುತ್ತದೆ. ಸ್ಟೀಲ್, ಎನಾಮೆಲ್ ಅಥವಾ ನಾನ್‌ಸ್ಟಿಕ್ ಆಗಬಹುದು. ಬರೀ ಕಬ್ಬಿಣ, ಬರೀ ಅಲ್ಯೂಮಿನಿಯಂ ಬೇಡ. ಟೊಮೆಟೊದ ಹುಳಿಗೆ ಲೋಹದ ರುಚಿ ಬಿಡುತ್ತದೆ.

3 ದೊಡ್ಡ ಚಮಚ ಎಣ್ಣೆ ಹಾಕಿ ನಡು ಉರಿಯಲ್ಲಿ ಕಾಯಿಸಿ. ಬೆಳ್ಳುಳ್ಳಿಯನ್ನು ಚಿಟಿಕೆ ಉಪ್ಪಿನ ಜೊತೆ ಜಜ್ಜಿ ಹಾಕಿ. ಘಮ ಬಂದ ಕೂಡಲೇ, ಅಂದರೆ ಅರ್ಧ ನಿಮಿಷದೊಳಗೆ, ತುರಿದ ಟೊಮೆಟೊ ಸುರಿಯಿರಿ. ಬೆಳ್ಳುಳ್ಳಿ ಕೆಂಪಗಾಗುವವರೆಗೆ ಕಾಯುವುದು ನಮ್ಮ ಒಗ್ಗರಣೆಯ ಅಭ್ಯಾಸ, ಇಲ್ಲಿ ಅದು ಬೇಡ.

ಟೊಮೆಟೊ ಬಿದ್ದ ಮೇಲೆ ಪಾಪ್ರಿಕಾ, ಬೇಕಿದ್ದರೆ ಖಾರದ ಪುಡಿ, 1 ಸಣ್ಣ ಚಮಚ ಜೀರಿಗೆ ಪುಡಿ, ಅರ್ಧದಷ್ಟು ಉಪ್ಪು, ಅರ್ಧದಷ್ಟು ಸೊಪ್ಪು ಹಾಕಿ. ಈ ಕ್ರಮ ಮುಖ್ಯ. ಪಾಪ್ರಿಕಾದಲ್ಲಿ ಸಕ್ಕರೆಯ ಅಂಶವಿದೆ. ಬರೀ ಬಿಸಿ ಎಣ್ಣೆಗೆ ಬಿದ್ದರೆ ಕೆಲವೇ ಸೆಕೆಂಡಿನಲ್ಲಿ ಸೀದು ಕಂದಾಗಿ ಕಹಿಯಾಗುತ್ತದೆ. ಟೊಮೆಟೊದ ತೇವ ಅದನ್ನು ಕಾಯುತ್ತದೆ, ನೀರು ಆರುತ್ತಾ ಬಂದಂತೆ ಬಣ್ಣ ನಿಧಾನವಾಗಿ ಎಣ್ಣೆಗೆ ಇಳಿಯುತ್ತದೆ. ಉಪ್ಪನ್ನು ಅರ್ಧ ಮಾತ್ರ ಹಾಕುವುದಕ್ಕೂ ಕಾರಣವಿದೆ. ಬಾಣಲೆಯಲ್ಲಿರುವುದು ಅರ್ಧಕ್ಕಿಂತ ಕಡಿಮೆಗೆ ಇಳಿಯುತ್ತದೆ, ಉಪ್ಪು ಮಾತ್ರ ಅಷ್ಟೇ ಉಳಿಯುತ್ತದೆ.

ಮುಚ್ಚಳ ಮುಚ್ಚದೆ 12ರಿಂದ 15 ನಿಮಿಷ ಬಾಡಿಸಿ. ಮೊದಲ ಹತ್ತು ನಿಮಿಷ ಆಗಾಗ ಕೈಯಾಡಿಸಿದರೆ ಸಾಕು, ಕೊನೆಯಲ್ಲಿ ಬಿಟ್ಟು ಹೋಗಬೇಡಿ, ತಳ ಹಿಡಿಯುತ್ತದೆ. ಗಡಿಯಾರಕ್ಕಿಂತ ಕಿವಿ, ಕಣ್ಣು ಹೆಚ್ಚು ನಂಬಿಕೆಯವು. ಶುರುವಿನಲ್ಲಿ ತೆಳ್ಳಗೆ ಕೊತಕೊತ ಕುದಿಯುವ ಸದ್ದು ಇರುತ್ತದೆ. ಗಟ್ಟಿಯಾಗುತ್ತಾ ಬಂದಂತೆ ಅದು ದಪ್ಪ ಗುಳ್ಳೆಗಳ ಪುಳಕ್ ಪುಳಕ್ ಆಗುತ್ತದೆ, ಕೊನೆಗೆ ಎಣ್ಣೆಯಲ್ಲಿ ಬಾಡುವ ಚುರುಚುರು ಶುರುವಾಗುತ್ತದೆ. ಆಗ ಮರದ ಸೌಟನ್ನು ತಳದಲ್ಲಿ ಎಳೆದು ನೋಡಿ: ದಾರಿ ಬಿಟ್ಟುಕೊಂಡು ಎರಡು ಮೂರು ಸೆಕೆಂಡು ಹಾಗೇ ನಿಂತರೆ, ಅಂಚಿನಲ್ಲಿ ಕೆಂಪು ಎಣ್ಣೆ ಜಿನುಗಿದರೆ, ಬದನೆಕಾಯಿ ಹಾಕುವ ಹೊತ್ತಾಯಿತು. ಇದಕ್ಕಿಂತ ಮುಂಚೆ ಹಾಕಿದರೆ ಟೊಮೆಟೊದ ಹಸಿ ವಾಸನೆ ಕೊನೆಯವರೆಗೂ ಹೋಗುವುದಿಲ್ಲ.

ಕೂಡಿಸುವುದು

ಬಸಿದ ಬದನೆಕಾಯಿಯನ್ನು ಹಲಗೆಯ ಮೇಲೆ ಚಾಕುವಿನಿಂದ ಎರಡು ಮೂರು ಸಲ ಅಡ್ಡಡ್ಡ ಕೊಚ್ಚಿ, ಉದ್ದ ನಾರು ತುಂಡಾದರೆ ಸಾಕು. ಬಾಣಲೆಗೆ ಹಾಕಿ ಫೋರ್ಕಿನಿಂದಲೋ ಆಲೂಗಡ್ಡೆ ಮಸೆಯುವ ಸಾಧನದಿಂದಲೋ ಒತ್ತಿ. ಮಿಕ್ಸಿ ಬೇಡ. ಮಿಕ್ಸಿಗೆ ಹಾಕಿದರೆ ಬೀಜವೂ ಅರೆದು, ಗಾಳಿ ಸೇರಿ, ಬಣ್ಣ ಕಿತ್ತಳೆಗೆ ತಿರುಗಿ ಅಂಟಂಟು ಪೇಸ್ಟ್ ಆಗುತ್ತದೆ. ಝಾಲೂಕಿನಲ್ಲಿ ಬದನೆಯ ಎಳೆ ನಾಲಿಗೆಗೆ ಸಿಗಬೇಕು.

ಉರಿ ಸಣ್ಣಗೆ ಮಾಡಿ 8ರಿಂದ 10 ನಿಮಿಷ ಒತ್ತುತ್ತಾ, ಮಗುಚುತ್ತಾ ಇರಿ. ಬದನೆ ಬೀಳುತ್ತಲೇ ಎಣ್ಣೆ ಕಾಣೆಯಾಗುತ್ತದೆ. ಗಾಬರಿಬಿದ್ದು ಮತ್ತೆ ಸುರಿಯಬೇಡಿ, ನೀರು ಆರಿದ ಮೇಲೆ ಅದೇ ಎಣ್ಣೆ ಹೊರಗೆ ಬರುತ್ತದೆ. ಸೌಟಿನಲ್ಲಿ ಎತ್ತಿ ಓರೆ ಮಾಡಿದಾಗ ಮುದ್ದೆಯಾಗಿ ಒಂದೇ ಸಲ ಬಿದ್ದರೆ ಹದ ಬಂದಿದೆ, ಜಾರಿ ಹರಿದರೆ ಇನ್ನೂ ಇದೆ. ಬಿಸಿಯಲ್ಲಿ ತುಸು ಸಡಿಲವಿದ್ದರೂ ಆರಿದಾಗ ಗಟ್ಟಿಯಾಗುವುದರಿಂದ ತೀರ ಒಣಗಿಸುವುದೂ ಬೇಡ.

ಉಳಿದ ಅರ್ಧ ಚಮಚ ಜೀರಿಗೆ, ಉಳಿದ ಸೊಪ್ಪು ಸೇರಿಸಿ ಒಂದು ನಿಮಿಷ ಬಿಟ್ಟು ಒಲೆ ಆರಿಸಿ. ಮೊದಲು ಹಾಕಿದ ಜೀರಿಗೆ ಬೆಂದು ಒಳಗೆ ಸೇರಿರುತ್ತದೆ, ಈಗ ಹಾಕಿದ್ದು ಮೂಗಿಗೆ. ಹತ್ತು ನಿಮಿಷ ಆರಿದ ಮೇಲೆ ನಿಂಬೆ ರಸ ಹಿಂಡಿ, ಆಮೇಲೆ ಉಪ್ಪು ನೋಡಿ. ನಿಂಬೆಯ ಬದಲು ವಿನೆಗರ್ ಹಾಕುವ ಮನೆಗಳೂ ಇವೆ. ಉಪ್ಪಿನಲ್ಲಿ ಹಾಕಿಟ್ಟ ಮೊರಾಕೊ ನಿಂಬೆಯ ಸಿಪ್ಪೆಯನ್ನು ಸಣ್ಣಗೆ ಹೆಚ್ಚಿ ಸೇರಿಸಿದರೆ ಇನ್ನೂ ಸೊಗಸು. ನಮ್ಮ ನಿಂಬೆ ಉಪ್ಪಿನಕಾಯಿಯಲ್ಲಿ ಖಾರ, ಇಂಗು, ಮೆಂತ್ಯ ಇರುವುದರಿಂದ ಅದನ್ನು ಇಲ್ಲಿ ತರಬೇಡಿ.

ಎಡವಟ್ಟಾದರೆ

ನೀರುನೀರಾಗಿದೆ: ಬದನೆ ಬಸಿದಿಲ್ಲ, ಇಲ್ಲವೇ ಬಾಣಲೆ ಕಿರಿದಾಗಿತ್ತು. ಮತ್ತೆ ಅಗಲ ಬಾಣಲೆಗೆ ಹಾಕಿ ಆರಿಸುವುದೊಂದೇ ಮದ್ದು. ಕಡಲೆಹಿಟ್ಟು, ಜೋಳದ ಹಿಟ್ಟು ಹಾಕಿ ಗಟ್ಟಿ ಮಾಡಬೇಡಿ.

ಕಹಿಯಾಗಿದೆ: ಪಾಪ್ರಿಕಾ ಸೀದಿದ್ದರೆ ಸರಿಪಡಿಸಲು ಬರುವುದಿಲ್ಲ. ಬದನೆಯದೇ ಕಹಿಯಾದರೆ ಕಾಲು ಚಮಚ ಸಕ್ಕರೆ, ಇನ್ನೊಂದು ಚಮಚ ಎಣ್ಣೆಯಿಂದ ಸ್ವಲ್ಪ ತಗ್ಗುತ್ತದೆ.

ಹುಳಿ ಹೆಚ್ಚಾಗಿದೆ: ನಾಟಿ ಟೊಮೆಟೊಗೆ ನಿಂಬೆಯೂ ಸೇರಿದಾಗ ಹೀಗಾಗುತ್ತದೆ. ಇನ್ನೊಂದು ಸಣ್ಣ ಬದನೆ ಸುಟ್ಟು ಸೇರಿಸಿ.

ರಬ್ಬರಿನಂಥ ಚೂರು ಸಿಗುತ್ತಿದೆ: ತೊಟ್ಟಿನ ಭಾಗ ಬೆಂದಿಲ್ಲ. ಎರಡು ಚಮಚ ನೀರು ಹಾಕಿ, ಈ ಒಂದು ಸಲ ಮಾತ್ರ ಮುಚ್ಚಳ ಮುಚ್ಚಿ, ಸಣ್ಣ ಉರಿಯಲ್ಲಿ ಐದಾರು ನಿಮಿಷ ಬೇಯಿಸಿ ಮತ್ತೆ ಆರಿಸಿ.

ಎಲ್ಲ ಸರಿಯಿದ್ದೂ ಏನೋ ಸಾಲದು ಅನ್ನಿಸಿದರೆ ಒಂದು ಗಂಟೆ ಕಾಯಿರಿ. ಒಲೆಯಿಂದ ಇಳಿಸಿದ ಬಿಸಿ ಝಾಲೂಕಿನಲ್ಲಿ ಬೆಳ್ಳುಳ್ಳಿ, ಜೀರಿಗೆ, ಟೊಮೆಟೊ ಒಂದೊಂದೂ ಬೇರೆಯಾಗಿ ಕೇಳುತ್ತವೆ. ಇದು ಮಾರನೆಯ ದಿನದ ತಿನಿಸು.

ಬಡಿಸುವುದು, ಇಡುವುದು

ಚಪ್ಪಟೆ ತಟ್ಟೆಗೆ ಹರಡಿ ಫೋರ್ಕಿನಿಂದ ಸಾಲು ಎಳೆಯಿರಿ, ಆ ಸಾಲುಗಳಲ್ಲಿ ನಿಲ್ಲುವಂತೆ 2 ಚಮಚ ಆಲಿವ್ ಎಣ್ಣೆ ಸುರಿಯಿರಿ. ಮೇಲೆ ನಾಲ್ಕು ಆಲಿವ್ ಕಾಯಿ ಇಟ್ಟರೆ ಅಲಂಕಾರ ಮುಗಿಯಿತು. ಬಿಸಿಬಿಸಿಗಿಂತ ಕೋಣೆಯ ಹವೆಗೆ ಬಂದಾಗ ರುಚಿ. ಜೊತೆಗೆ ಬೇಕಾದ್ದು ರಸ ಹೀರುವ ದಪ್ಪ ರೊಟ್ಟಿ: ಖೊಬ್ಜ್ ಇಲ್ಲದಿದ್ದರೆ ಪೀಟಾ ಅಥವಾ ತವೆಯಲ್ಲಿ ಬಿಸಿ ಮಾಡಿದ ಪಾವ್. ತೆಳು ಚಪಾತಿ ಕೈಯಲ್ಲೇ ಮೆತ್ತಗಾಗುತ್ತದೆ. ಜೋಳದ ರೊಟ್ಟಿ ಮೊರಾಕೊದ್ದಲ್ಲದಿದ್ದರೂ ಬದನೆಗೆ ಹಳೆಯ ನೆಂಟ, ತಕರಾರಿಲ್ಲ. ಮೀನು ತಿನ್ನುವವರು ಸುಟ್ಟ ಅಥವಾ ಹುರಿದ ಬೂತಾಯಿ (ಸಾರ್ಡೀನ್) ಮೀನಿನ ಪಕ್ಕ ಇಟ್ಟು ನೋಡಬಹುದು. ಮೊರಾಕೊದಲ್ಲೂ ಇದು ಸಾರ್ಡೀನ್ ಜೊತೆ ಚೆನ್ನಾಗಿ ಹೋಗುತ್ತದೆ.

ಪೂರ್ತಿ ಆರಿದ ಮೇಲೆ ಒಣ ಗಾಜಿನ ಡಬ್ಬಿಗೆ ತುಂಬಿ, ಮೇಲೆ ತೆಳುವಾಗಿ ಎಣ್ಣೆ ಸುರಿದು ಫ್ರಿಜ್ಜಿನಲ್ಲಿಟ್ಟರೆ ಮೂರು ನಾಲ್ಕು ದಿನ ಇರುತ್ತದೆ. ಎಣ್ಣೆ ಮುಚ್ಚಿದೆ ಎಂಬ ಧೈರ್ಯದಲ್ಲಿ ಉಪ್ಪಿನಕಾಯಿಯಂತೆ ಹೊರಗಿಡಬಾರದು. ಬೆಳ್ಳುಳ್ಳಿ ಇರುವ, ಹುಳಿ ಕಡಿಮೆ ಇರುವ ತಿನಿಸನ್ನು ಗಾಳಿಯಾಡದಂತೆ ಎಣ್ಣೆಯಡಿ ಹೊರಗಿಟ್ಟರೆ ಬಾಟ್ಯುಲಿಸಮ್ ವಿಷ ಹುಟ್ಟುವ ಅಪಾಯವಿದೆ, ಅದಕ್ಕೆ ವಾಸನೆಯೂ ಬರಬೇಕೆಂದಿಲ್ಲ. ಫ್ರಿಜ್ಜಿನಲ್ಲಿ ಆಲಿವ್ ಎಣ್ಣೆ ಹೆಪ್ಪುಗಟ್ಟಿ ಬೆಳ್ಳಗೆ ಕಂಡರೆ ಕೆಟ್ಟಿದೆ ಎಂದಲ್ಲ; ತಿನ್ನುವ ಅರ್ಧ ಗಂಟೆ ಮೊದಲು ಹೊರಗೆ ತೆಗೆದಿಡಿ.

ಕೈ ಕುದುರಿದ ಮೇಲೆ ಇದೇ ಕ್ರಮದಲ್ಲಿ ಹೂಕೋಸಿನ ಝಾಲೂಕ್ ಮಾಡಬಹುದು, ಅದೂ ಮೊರಾಕೊದಲ್ಲಿ ಮಾಡುವಂಥದ್ದೇ. 600 ಗ್ರಾಂ ಹೂಕೋಸನ್ನು ಬೆರಳಲ್ಲಿ ಒತ್ತಿದರೆ ಪುಡಿಯಾಗುವಷ್ಟು ಹಬೆಯಲ್ಲಿ ಬೇಯಿಸಿ, ಬಸಿದು, ಟೊಮೆಟೊ ಹದಕ್ಕೆ ಬಂದಾಗ ಸೇರಿಸಿ. ಅದರಲ್ಲಿ ಹೊಗೆಯ ವಾಸನೆ ಇರುವುದಿಲ್ಲವಾದ್ದರಿಂದ ನಿಂಬೆ ಇನ್ನೊಂದು ಚಮಚ ಹೆಚ್ಚಿರಲಿ.